ಒಪ್ಪಿಗೆ ಕೇಳದ ಹರಾಜು

ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ನನ್ನನ್ನು ಕಂಡರೆ ಕೆಲವು ರೀಲರುಗಳು ಮುಖ ಸಣ್ಣ ಮಾಡಿಕೊಳ್ಳುತ್ತಿದ್ದರು. ಮೊದಲ ಸುತ್ತಿನ ಬೆಲೆಗೆ ನಾನು ಎಂದೂ ಒಪ್ಪಿದವಳಲ್ಲ. ಅಲ್ಲಿನ ಪದ್ಧತಿ ಗೊತ್ತಿಲ್ಲದವರಿಗೆ ಒಂದೆರಡು ಮಾತು ಹೇಳಬೇಕು. ನಾವು ರೇಷ್ಮೆಗೂಡು ತಂದು ಟ್ರೇಗೆ ಸುರಿದು ಪಕ್ಕದಲ್ಲಿ ನಿಲ್ಲುತ್ತೇವೆ. ನೂಲು ತೆಗೆಯುವ ರೀಲರುಗಳು ಬಂದು ಒಂದು ಹಿಡಿ ಗೂಡು ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ತಮ್ಮ ಮೊಬೈಲಿನಲ್ಲಿ ಬೆಲೆ ಒತ್ತುತ್ತಾರೆ. ಹೆಚ್ಚು ಬೆಲೆ ಒತ್ತಿದವನ ಹೆಸರಿಗೆ ಹರಾಜು ನಿಲ್ಲುತ್ತದೆ. ಆದರೆ ಅಲ್ಲಿಗೇ ಮುಗಿಯುವುದಿಲ್ಲ. ಆಮೇಲೆ ನಮ್ಮನ್ನು ಕೇಳುತ್ತಾರೆ, ಈ ಬೆಲೆ ಒಪ್ಪಿಗೆಯೇ ಎಂದು. ಬೇಡ ಎನ್ನಬಹುದು. ಬೇಡ ಎಂದರೆ ಅದೇ ಗೂಡು ಎರಡನೇ ಸುತ್ತಿಗೆ ಹೋಗುತ್ತದೆ, ಯಾರೂ ಒಂದು ಮಾತು ಆಡುವಂತಿಲ್ಲ. ಕೊಳ್ಳುವವರು ಮಾತ್ರ ಹರಾಜಿಗೆ ಮೊದಲೇ ದುಡ್ಡು ಕಟ್ಟಿರಬೇಕು. ಬೆಲೆಗಿಂತ ಒಂದಿಷ್ಟು ಜಾಸ್ತಿಯೇ ಕಟ್ಟಿರುತ್ತಾರೆ. ವ್ಯಾಪಾರ ಕುದುರಿದರೆ ಬೇಕಾದಷ್ಟು ಕಳೆಯುತ್ತದೆ, ಕುದುರದಿದ್ದರೆ ಅವರ ದುಡ್ಡು ಅವರಿಗೇ ಉಳಿಯುತ್ತದೆ.

ಬೇಡ ಎನ್ನುವ ಆ ಒಂದು ಮಾತಿನಲ್ಲಿ ನನಗೆ ಸಿಗುತ್ತಿದ್ದ ಸುಖ ಹಬ್ಬದ ಊಟದಲ್ಲೂ ಸಿಕ್ಕಿದ್ದಿಲ್ಲ. ನನ್ನ ಗಂಡ ಮೆತ್ತನೆಯ ಮನುಷ್ಯ. ಚನ್ನಪಟ್ಟಣದ ಗೊಂಬೆಗಳನ್ನು ಲಾರಿಯಲ್ಲಿ ಹೇರಿಕೊಂಡು ಊರೂರು ತಿರುಗುತ್ತಾರೆ, ಹೋದ ಕಡೆಯೆಲ್ಲ ಯಾರೋ ಒಬ್ಬರು ಅವರ ತಲೆಗೆ ಟೋಪಿ ಹಾಕುತ್ತಾರೆ, ನಾನು ತಿಂಗಳುಗಟ್ಟಲೆ ಆಡಿಕೊಂಡು ನಗುತ್ತೇನೆ. ಮನೆಯಲ್ಲಿ ವ್ಯವಹಾರ ಬಲ್ಲವಳು ಎಂದರೆ ನಾನೇ. ಆ ಜಂಬ ಇಳಿದದ್ದು ಹೇಗೆ ಎಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ.

ನಮ್ಮೂರು ಕೆಂಗಲ್ಲಿನಿಂದ ಒಳಗೆ, ಹೆದ್ದಾರಿಯ ಸದ್ದು ಗಾಳಿ ಬೀಸಿದಾಗ ಮಾತ್ರ ಕೇಳುವಷ್ಟು ದೂರ. ಮನೆಯಲ್ಲಿ ನಾನು, ನನ್ನ ಗಂಡ, ಅತ್ತೆ. ಹುಳ ಸಾಕುವುದು ಅತ್ತೆಯಿಂದ ನಾನು ಕಲಿತ ವಿದ್ಯೆ. ಅವರು ಹುಳದ ಮನೆಯಲ್ಲಿ ಒಂದು ಹಳೆಯ ರೇಡಿಯೋ ಇಟ್ಟಿದ್ದಾರೆ. ಸೊಪ್ಪು ಹಾಕುವ ಹೊತ್ತಿಗೆ ಅದು ಹಾಡಬೇಕು. ಹಾಡು ಕೇಳಿದರೆ ಹುಳ ಚೆನ್ನಾಗಿ ಮೇಯುತ್ತದೆ ಎಂದು ಅವರ ನಂಬಿಕೆ. ಅದರಲ್ಲೂ ಒಬ್ಬ ಗಾಯಕರ ಹಾಡು ಬಂದರೆ ಅತ್ತೆಯ ಕೈ ನಿಧಾನವಾಗುತ್ತಿತ್ತು. ಸೊಪ್ಪು ಹಿಡಿದುಕೊಂಡೇ ನಿಂತುಬಿಡುತ್ತಿದ್ದರು. ಹುಳಕ್ಕಿಂತ ಹಾಡು ಹಚ್ಚಿಕೊಂಡವರು ಇವರೇ ಎಂದು ನಾನು ರೇಗಿಸುತ್ತಿದ್ದೆ.

ಆ ಗಾಯಕರಿಗೆ ಈಗ ವಯಸ್ಸಾಗಿದೆ. ಬೆಂಗಳೂರಿನಲ್ಲಿ ಕೊನೆಯ ಕಛೇರಿ ಕೊಡುತ್ತಾರಂತೆ, ಆಮೇಲೆ ವೇದಿಕೆ ಹತ್ತುವುದಿಲ್ಲವಂತೆ ಎಂದು ಆ ರೇಡಿಯೋದಲ್ಲೇ ಹೇಳಿದರು. ಅತ್ತೆ ತಟ್ಟೆಯ ಕಸ ತೆಗೆಯುತ್ತಿದ್ದವರು ತಲೆ ಎತ್ತಲಿಲ್ಲ.

"ಒಂದ್ ಸತಿ ಆವಯ್ಯನ ಎದುರುಗಡೆ ಕೂತ್ಕೊಂಡು ಕೇಳ್ಬೇಕಿತ್ತು ಕಣವ್ವ," ಎಂದರು.

ಮದುವೆಯಾಗಿ ಬಂದಾಗಿನಿಂದ ಅತ್ತೆ ನನ್ನನ್ನು ಏನೂ ಕೇಳಿದವರಲ್ಲ. ಸೀರೆ ತಂದರೆ ಇದು ಯಾಕೆ ಎನ್ನುವವರು. ಆ ಮಾತು ಕೇಳಿದ ಕೂಡಲೇ ನಾನು ತೀರ್ಮಾನ ಮಾಡಿಬಿಟ್ಟೆ. ದಿನ ಲೆಕ್ಕ ಹಾಕಿದರೆ ಕಛೇರಿಯ ಹೊತ್ತಿಗೆ ಹುಳ ಚಂದ್ರಿಕೆ ಎಂಬ ಬಿದಿರು ತಟ್ಟಿಯ ಮೇಲೆ ಗೂಡು ಕಟ್ಟುತ್ತಿರುತ್ತದೆ, ಮನೆಯಲ್ಲಿ ಕೆಲಸವಿರುವುದಿಲ್ಲ. ನಾವಿಬ್ಬರೂ ರೈಲು ಹತ್ತಿ ಹೋಗಿ ಬರಬಹುದು.

ಹುಳ ನಾಲ್ಕನೇ ಜ್ವರದಲ್ಲಿತ್ತು. ಪೊರೆ ಬಿಡುವ ಮುಂಚೆ ಅದು ಮೇವು ಬಿಟ್ಟು ಅಲ್ಲಾಡದೆ ಮಲಗುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತೇವೆ. ಆ ದಿನ ಬಿಡುವು. ಮಧ್ಯಾಹ್ನ ಊಟ ಮುಗಿಸಿ ಜಗಲಿಯಲ್ಲಿ ಕುಳಿತು ಮೊಬೈಲು ತೆಗೆದೆ. ಕಛೇರಿ ನಡೆಸುವವರ ಜಾಗದಲ್ಲಿ ಟಿಕೆಟ್ ಎಲ್ಲ ಖಾಲಿ. ಹುಡುಕುತ್ತಾ ಹೋದಂತೆ ಇನ್ನೊಂದು ಸೈಟು ಸಿಕ್ಕಿತು. ಮೊದಲೇ ಟಿಕೆಟ್ ಕೊಂಡವರು ಬೇರೆಯವರಿಗೆ ಮಾರುವ ಜಾಗ. ಎರಡು ಸೀಟು, ಒಂದಕ್ಕೆ ಎರಡು ಸಾವಿರ. ಜಾಸ್ತಿಯೇ ಆಯಿತು, ಆದರೂ ಒತ್ತಿದೆ.

ಒತ್ತಿದ ಕೂಡಲೇ ಮೇಲೆ ಕೆಂಪು ಅಕ್ಷರದಲ್ಲಿ ಒಂದು ಗಡಿಯಾರ ಹಿಂದಕ್ಕೆ ಓಡತೊಡಗಿತು. ಅದು ನಿಲ್ಲುವುದರೊಳಗೆ ದುಡ್ಡು ಕಟ್ಟಬೇಕು. ಅದರ ಕೆಳಗೆ, ಇದೇ ಸೀಟನ್ನು ಇನ್ನೂ ಹಲವರು ಈಗ ನೋಡುತ್ತಿದ್ದಾರೆ ಎಂದು ಬಂತು. ನಾನು ತಲೆ ಎತ್ತಿ ನೋಡಿದೆ. ಅಂಗಳದಲ್ಲಿ ಒಂದು ಕೋಳಿ ಬಿಟ್ಟರೆ ಯಾರೂ ಇರಲಿಲ್ಲ. ಆದರೂ ಯಾರೋ ಬೆನ್ನ ಹಿಂದೆ ಸಾಲಾಗಿ ನಿಂತು ತಳ್ಳಿದಂತಾಗಿ ಅವಸರ ಅವಸರವಾಗಿ ಬೆರಳಾಡಿಸಿದೆ. ಹೆಸರು, ಊರು, ಫೋನ್ ನಂಬರು, ಮತ್ತೆ ಒಂದು ಪುಟ, ಮತ್ತೊಂದು ಪುಟ. ಕೊನೆಗೆ ಪಿನ್ ಒತ್ತುವ ಜಾಗ ಬಂತು. ಅಲ್ಲಿ ನಾಲ್ಕು ಸಾವಿರ ಇರಬೇಕಾದ ಕಡೆ ಏಳು ಸಾವಿರದ ಹತ್ತಿರ ಇತ್ತು.

ಆಗ ನಾನು ಹೆದರಬೇಕಿತ್ತು. ಹೆದರಲಿಲ್ಲ. ಇದು ಕೊಳ್ಳುವವರು ಮೊದಲೇ ಕಟ್ಟುವ ದುಡ್ಡು ಎಂದುಕೊಂಡೆ. ಇಷ್ಟು ವರ್ಷ ಮಾರುವವಳಾಗಿ ನಿಂತಿದ್ದೆ, ಇವತ್ತು ಕೊಳ್ಳುವವಳು. ರೀಲರುಗಳು ಬೆಲೆಗಿಂತ ಜಾಸ್ತಿ ಕಟ್ಟಿ ಕೂರುವುದನ್ನು ಕಂಡಿಲ್ಲವೇ? ಇದೂ ಹಾಗೇ. ಮೊದಲು ಕಟ್ಟಬೇಕು, ಆಮೇಲೆ ನಿಜವಾದ ಬೆಲೆ ಬರುತ್ತದೆ, ಒಪ್ಪಿಗೆಯೇ ಎಂದು ಕೇಳುತ್ತಾರೆ, ಮಿಕ್ಕಿದ್ದು ಖಾತೆಗೆ ವಾಪಸ್ ಬರುತ್ತದೆ. ಪಿನ್ ಒತ್ತಿದೆ.

ಚಕ್ರ ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು. ಒಪ್ಪಿಗೆ ಕೇಳುವ ಪುಟ ಬರಲಿಲ್ಲ. ನನಗೆ ಸಿಟ್ಟು ಬಂತು. ಬೇಡ ಹೋಗು ಎಂದು ಹಿಂದಕ್ಕೆ ಒತ್ತಿದೆ. ಮತ್ತೆ ಮೊದಲ ಪುಟಕ್ಕೆ ಬಂದು ನೋಡಿದರೆ ಪಕ್ಕದ ಎರಡು ಸೀಟು, ಬೆಲೆ ನೂರು ರೂಪಾಯಿ ಕಡಿಮೆ. ನನ್ನ ಮುಖದಲ್ಲಿ ನಗು ಬಂದದ್ದು ನನಗೇ ಗೊತ್ತಾಯಿತು. ಬೇಡ ಎಂದದ್ದಕ್ಕೆ ಇಳಿದಿದ್ದಾರೆ, ಇದು ಎರಡನೇ ಸುತ್ತು! ಮತ್ತೆ ಕೆಂಪು ಗಡಿಯಾರ, ಮತ್ತೆ ಪುಟಗಳು, ಮತ್ತೆ ಪಿನ್.

ಬ್ಯಾಂಕಿನ ಮೆಸೇಜು ಒಂದರ ಹಿಂದೆ ಒಂದು ಎರಡು ಬಂದವು. ಎರಡರಲ್ಲೂ ದುಡ್ಡು ಕಳೆದಿತ್ತು. ಆಮೇಲೆ ನಾಲ್ಕು ಟಿಕೆಟ್ ಬಂದವು. ಅವುಗಳ ಜೊತೆ ಒಂದು ಪಟ್ಟಿ ಬಂತು. ಸೀಟಿನ ಬೆಲೆ ಮೇಲಿತ್ತು. ಅದರ ಕೆಳಗೆ ಸೇವಾ ಶುಲ್ಕ, ನಿರ್ವಹಣಾ ಶುಲ್ಕ, ಖಾತರಿ ಶುಲ್ಕ, ಟಿಕೆಟ್ ತಲುಪಿಸುವ ಶುಲ್ಕ, ಇವಕ್ಕೆಲ್ಲ ತೆರಿಗೆ. ಮೊಬೈಲಿನಿಂದ ಮೊಬೈಲಿಗೆ ಬಂದ ಟಿಕೆಟ್ಟಿಗೆ ತಲುಪಿಸುವ ಶುಲ್ಕ ಯಾತಕ್ಕೆ? ಬಸ್ಸಿನಲ್ಲಿ ಬಂತೇ? ಇಷ್ಟೆಲ್ಲ ಬೆಲೆ ತೋರಿಸುವಾಗಲೇ ಯಾಕೆ ಬರೆಯಲಿಲ್ಲ? ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು: ಕೊಂಡ ಟಿಕೆಟ್ಟಿಗೆ ಹಣ ವಾಪಸ್ ಇಲ್ಲ.

ಆ ದುಡ್ಡು ಸೊಪ್ಪಿನ ದುಡ್ಡು.

ಹುಳ ನಾಲ್ಕನೇ ಜ್ವರ ಎದ್ದ ಮೇಲೆ ಒಂದು ವಾರ ತಿನ್ನುವುದು ಅದು ಹುಟ್ಟಿದಾಗಿನಿಂದ ತಿಂದದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು. ರಾಕ್ಷಸರ ಹಸಿವು. ಗೂಡಿಗೆ ಒಳ್ಳೆಯ ಬೆಲೆ ಇದೆ ಎಂದು ಆ ಸಲ ನಮ್ಮ ತೋಟಕ್ಕೆ ಮೀರಿ ಹುಳ ತಂದಿದ್ದೆವು. ಕೊನೆಯ ದಿನಗಳಿಗೆ ಕನಕಪುರ ಕಡೆಯಿಂದ ಹಿಪ್ಪುನೇರಳೆ ಸೊಪ್ಪು ತರಿಸುವುದು, ಅದಕ್ಕೆ ಖಾತೆಯಲ್ಲಿ ದುಡ್ಡು ಮುಟ್ಟದೆ ಇಡುವುದು ಎಂದು ಅತ್ತೆ ಮೊದಲೇ ಹೇಳಿದ್ದರು. ಟಿಕೆಟ್ಟಿಗೆ ನಾಲ್ಕು ಸಾವಿರ ತೆಗೆದರೂ ಸೊಪ್ಪಿಗೆ ಸಾಕಾಗುತ್ತದೆ ಎಂದು ನಾನು ಲೆಕ್ಕ ಹಾಕಿದ್ದೆ. ಈಗ ಖಾತೆ ಬರಿದಾಗಿತ್ತು. ಸೊಪ್ಪಿಲ್ಲದೆ ಹುಳ ಉಪವಾಸ ಬಿದ್ದರೆ ಗೂಡು ಜೊಳ್ಳಾಗುತ್ತದೆ. ಇಲ್ಲವೇ ಸಪ್ಪೆ ರೋಗ ತಗುಲಿ ಕೈ ಇಟ್ಟಲ್ಲೆಲ್ಲ ಮೆತ್ತಗಾಗಿ ಸಾಯುತ್ತದೆ. ಅತ್ತೆ ಮೊಟ್ಟೆಯೊಡೆದ ದಿನದಿಂದ ಮಕ್ಕಳಂತೆ ನೋಡಿಕೊಂಡ ಹುಳ.

ಆ ಸೈಟಿನಲ್ಲಿ ಮಾತಾಡಲು ಮನುಷ್ಯರು ಇರಲಿಲ್ಲ. ಬರೆದು ಕೇಳಿದರೆ ಯಂತ್ರ ಉತ್ತರ ಕೊಡುತ್ತಿತ್ತು. ನಾನು ತಪ್ಪಾಗಿ ಎರಡು ಸಲ ಆಗಿದೆ ಎಂದು ಬೇಡಿಕೊಂಡೆ. ನಿಮ್ಮ ತೊಂದರೆಗೆ ವಿಷಾದಿಸುತ್ತೇವೆ ಎಂದಿತು. ಎರಡು ಟಿಕೆಟ್ ನೀವೇ ಮಾರಿಕೊಳ್ಳಿ ಎಂದೆ. ಮಾರಬಹುದು, ಅದಕ್ಕೆ ಮಾರಾಟ ಶುಲ್ಕ ಇದೆ, ಹಣ ಕಛೇರಿ ಮುಗಿದ ಮೇಲೆ ಬರುತ್ತದೆ ಎಂದಿತು. ಕೊನೆಗೆ, ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಕೇಳಿತು. ಮೊಬೈಲು ಎಸೆಯಲು ಕೈ ಎತ್ತಿದೆ. ಹೊಸದು ಕೊಳ್ಳಲು ದುಡ್ಡಿಲ್ಲ ಎಂದು ನೆನಪಾಗಿ ಇಳಿಸಿದೆ.

ಮರುದಿನ ಬೆಳಿಗ್ಗೆ ಹುಳ ಜ್ವರ ಎದ್ದಿತು. ಅತ್ತೆ ಸಂಭ್ರಮದಿಂದ ಮೊದಲ ಸೊಪ್ಪು ತಾವೇ ಹಾಕಿ, ಚಂದ್ರಿಕೆಗಳನ್ನು ಅಂಗಳದಲ್ಲಿ ಬಿಸಿಲಿಗೆ ಹರಡಿಕೊಂಡು ಅವುಗಳ ರಿಪೇರಿಗೆ ಕುಳಿತರು. ಒಳಗಿನ ಕೆಲಸ ನನ್ನದಾಯಿತು. ಅದು ನನಗೆ ಅನುಕೂಲವೂ ಆಯಿತು. ಅತ್ತೆಯ ಮುಖ ನೋಡಲು ನನಗೆ ಭಯವಾಗುತ್ತಿತ್ತು.

ತೋಟದ ಸೊಪ್ಪು ಕರಗುತ್ತಾ ಬಂತು. ಸೊಪ್ಪಿನವನಿಗೆ ಫೋನ್ ಮಾಡಿ ಗೂಡು ಮಾರಿದ ಮೇಲೆ ದುಡ್ಡು ಕೊಡುತ್ತೇನೆ ಎಂದೆ.

"ಇಲ್ಲ ಕಣಕ್ಕ, ಈ ವಾರ ಎಲ್ಲಾರ ಉಳಾನೂ ಜ್ವರ ಎದ್ದೈತೆ. ದುಡ್ ಇಟ್ಕೊಂಡು ಕಾಯ್ತಾವ್ರೆ. ದುಡ್ ಆಕಿ, ಗಂಟೇಲಿ ಗಾಡಿ ಕಳುಸ್ತೀನಿ," ಎಂದ.

ಗಂಡ ಆಗ ಗೊಂಬೆ ಲೋಡಿನ ಜೊತೆ ದೂರದಲ್ಲಿದ್ದರು. ಫೋನ್ ಮಾಡಿದರು. "ಉಳ ಎಂಗವೆ?" ಎಂದು ಕೇಳಿದರು. ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅವರು ಯಾರನ್ನೋ ನಂಬಿ ಕೆಟ್ಟಾಗಲೆಲ್ಲ ನಾನು ನಕ್ಕ ನಗುವೆಲ್ಲ ನೆನಪಾಯಿತು. "ಚೆನ್ನಾಗವೆ," ಎಂದೆ.

ಆಮೇಲೆ ನಾನು ಹುಳಕ್ಕೆ ಸೊಪ್ಪು ಅಳೆದು ಹಾಕತೊಡಗಿದೆ. ದಪ್ಪಗೆ ಹರಡುವ ಕಡೆ ತೆಳ್ಳಗೆ, ಆಮೇಲೆ ಒಂದು ಹೊತ್ತನ್ನೇ ಬಿಟ್ಟು. ಹೊಟ್ಟೆ ತುಂಬಿದ ಹುಳ ಮೇಯುವಾಗ ಮನೆ ತುಂಬ ಒಂದು ಸದ್ದು ಇರುತ್ತದೆ, ಒಣ ಎಲೆಯ ಮೇಲೆ ಯಾರೋ ಮೆಲ್ಲಗೆ ನಡೆದ ಹಾಗೆ. ಆ ಸದ್ದಿಲ್ಲದ ಹುಳದ ಮನೆಗೆ ಕಾಲಿಟ್ಟದ್ದು ಅದೇ ಮೊದಲು. ತಟ್ಟೆಯಲ್ಲಿದ್ದ ಸೊಪ್ಪಿನ ಕಡ್ಡಿಗಳು ಬೋಳಾಗಿದ್ದವು. ನಾನು ಬಾಗಿಲು ತೆರೆದ ಬೆಳಕಿಗೆ, ತಟ್ಟೆ ತಟ್ಟೆಯಲ್ಲೂ ಹುಳ ತಲೆ ಎತ್ತಿತು. ಹಸಿದ ಹುಳ ಮುಂದಿನ ಅರ್ಧ ಮೈ ಎತ್ತಿ, ಸೊಪ್ಪು ಎಲ್ಲಿದೆ ಎಂದು ಗಾಳಿಯಲ್ಲಿ ತಲೆ ಆಡಿಸುತ್ತದೆ. ಒಂದೆರಡು ಎತ್ತಿದ್ದನ್ನು ನೋಡಿದ್ದೆ. ಆ ದಿನ ಈ ಗೋಡೆಯಿಂದ ಆ ಗೋಡೆಯವರೆಗೆ ಬೆಳ್ಳಗೆ ಸಾವಿರಾರು ತಲೆಗಳು ನನ್ನ ಕಡೆಗೇ ತಿರುಗಿ ಆಡುತ್ತಿದ್ದವು. ಬಾಯಿಲ್ಲದ ಜೀವಗಳು, ಅಳಲಾರವು, ಕೂಗಲಾರವು. ಬಾಗಿಲು ಎಳೆದುಕೊಂಡು ಹೊರಗೆ ಬಂದು ಗೋಡೆಗೆ ಒರಗಿದೆ.

ಅತ್ತೆ ಅಂಗಳದಲ್ಲಿ ಬಿದಿರು ಕಡ್ಡಿ ಹೆಣೆಯುತ್ತಿದ್ದವರು ಕೈ ನಿಲ್ಲಿಸಿದ್ದರು.

"ಯಾಕವ್ವ, ಒಳ್ಗಡೆ ಸದ್ದೇ ಇಲ್ಲ? ಉಳ ಮೇಯ್ತಿಲ್ವಾ?"

ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ. ಅವರ ಮುಂದೆ ಕುಕ್ಕರಿಸಿ ಕುಳಿತು ಎಲ್ಲ ಹೇಳಿದೆ. ಹಾಡಿನ ಟಿಕೆಟ್ಟು, ಕೆಂಪು ಗಡಿಯಾರ, ಬಚ್ಚಿಟ್ಟ ಶುಲ್ಕಗಳು, ಎರಡನೇ ಸುತ್ತು ಎಂದುಕೊಂಡು ಎರಡು ಸಲ ಕೊಂಡದ್ದು. ಬೈದುಬಿಡಲಿ ಎಂದು ತಲೆ ತಗ್ಗಿಸಿದೆ. ಅತ್ತೆ ಬೈಯಲಿಲ್ಲ. ಅವರ ಮುಖ ಬಿಳುಚಿಕೊಂಡಿತ್ತು. ನನ್ನ ಹೆದರಿಕೆ ಅವರಿಗೆ ದಾಟಿಹೋದದ್ದು ಕಾಣಿಸಿತು.

"ಬ್ಯಾಡ ಅಂದ್ರೆ ದುಡ್ ಕೊಡಕಿಲ್ವಾ?"

"ಬ್ಯಾಡ ಅನ್ನಕೆ ಅವರು ಕೇಳೋದೇ ಇಲ್ಲ ಅತ್ತೆಮ್ಮ."

"ಒಪ್ಪಿಗೆ ಕೇಳ್ದೆ ಇರೋದು ಎಂತಾ ಅರಾಜವ್ವ ಅದು?"

ಅತ್ತೆ ಹುಳದ ಮನೆಯ ಬಾಗಿಲಿನ ಕಡೆ ಒಮ್ಮೆ ನೋಡಿದರು. ಆಮೇಲೆ ಮಂಡಿ ಹಿಡಿದುಕೊಂಡು ಎದ್ದರು, ಸೆರಗು ಹೊದ್ದರು, ಪಕ್ಕದ ಮನೆಯ ಕಡೆ ನಡೆದರು.

ಪಕ್ಕದ ಮನೆ ಅತ್ತೆಯ ವಾರಗಿತ್ತಿಯದು, ಮಾವನ ತಮ್ಮನ ಹೆಂಡತಿ. ನನಗೆ ಚಿಕ್ಕತ್ತೆ. ಮನೆ ಪಾಲಾದಾಗಿನಿಂದ ಇಬ್ಬರಿಗೂ ಮಾತಿಲ್ಲ. ಹೊಲ, ಗದ್ದೆ, ಪಾತ್ರೆ ಎಲ್ಲ ನ್ಯಾಯವಾಗಿ ಹಂಚಿಕೊಂಡರಂತೆ. ಜಗಳ ಹತ್ತಿದ್ದು ಆ ರೇಡಿಯೋಗೆ. ಹೊಸದಾಗಿ ಮದುವೆಯಾಗಿ ಬಂದ ಇಬ್ಬರೂ ಹುಳದ ಮನೆಯಲ್ಲಿ ಒಟ್ಟಿಗೆ ಕುಳಿತು ಕೇಳುತ್ತಿದ್ದ ರೇಡಿಯೋ. ಅದು ದೊಡ್ಡವರಿಗೆ ಬಂತು, ಚಿಕ್ಕವರು ಮುಖ ತಿರುಗಿಸಿದರು. ನಾನು ಬಂದಾಗಿನಿಂದ ಅವರಿಬ್ಬರೂ ಒಂದೇ ನಲ್ಲಿಯಲ್ಲಿ ನೀರು ಹಿಡಿದರೂ ಒಬ್ಬರ ಮುಖ ಒಬ್ಬರು ನೋಡಿದ್ದಿಲ್ಲ. ಚಿಕ್ಕತ್ತೆಗೆ ಆ ಸಲ ಸೊಂಟ ನೋವೆಂದು ಹುಳ ತಂದಿರಲಿಲ್ಲ. ಬೇಲಿಯ ಆಚೆ ಅವರ ಹಿಪ್ಪುನೇರಳೆ ತೋಟ ಹಸಿರು ಚೆಲ್ಲಿ ನಿಂತಿತ್ತು. ದಿನವೂ ನಾನು ಅದನ್ನು ಕದ್ದು ನೋಡುತ್ತಿದ್ದೆ. ಕೇಳುವ ಯೋಚನೆ ಮಾತ್ರ ಬಂದಿರಲಿಲ್ಲ.

ನಾನು ಬೇಲಿಯವರೆಗೆ ಹೋಗಿ ನಿಂತೆ. ಚಿಕ್ಕತ್ತೆ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಅತ್ತೆ ಹೊಸಿಲ ಹೊರಗೇ ನಿಂತರು. ಇಲ್ಲ ಎಂದು ಮುಖಕ್ಕೆ ಹೇಳಿಬಿಟ್ಟರೆ ಅತ್ತೆ ಅಲ್ಲೇ ಕುಸಿಯುತ್ತಾರೆ ಎಂದು ನಾನು ಬೇಲಿಯ ಗೂಟ ಬಿಗಿಯಾಗಿ ಹಿಡಿದೆ.

"ಸೊಪ್ಪಿಲ್ಲ," ಎಂದರು ಅತ್ತೆ.

"ಜ್ವರ ಎದ್ದವಾ?"

"ಎದ್ದು ನಾಕ್ ದಿನ ಆಯ್ತು. ತಲೆ ಎತ್ಕಂಡವೆ."

ಚಿಕ್ಕತ್ತೆಯ ಕೈಯಲ್ಲಿದ್ದ ಕಾಯಿ ಮೊರಕ್ಕೆ ಬಿತ್ತು. "ತಲೆ ಎತ್ಕಂಡ್ ಮೇಲಾ ಬರೋದು? ಕುಯ್ಕೊಳ್ಳಿ ಓಗಿ ಮೊದ್ಲು, ಮಾತು ಆಮ್ಯಾಕೆ," ಎಂದು ಗದರಿದರು.

ನಾನು ಕುಡುಗೋಲು ತರಲು ಓಡಿದೆ. ಕೊಯ್ದು ತಂದು ಹಾಕುವಷ್ಟರಲ್ಲಿ ಬೆವರು ಕಣ್ಣಿಗಿಳಿದಿತ್ತು. ಸೊಪ್ಪು ಬಿದ್ದ ಕಡೆಯಿಂದ ಆಡುತ್ತಿದ್ದ ತಲೆಗಳು ಒಂದೊಂದಾಗಿ ಬಗ್ಗಿದವು. ಬಹಳ ಹೊತ್ತಿನ ಮೇಲೆ ಆ ಸದ್ದು ಶುರುವಾಯಿತು. ಅತ್ತೆ ಬಾಗಿಲಲ್ಲಿ ನಿಂತು ಕೇಳಿದರು. ಅವರ ಹಿಂದೆ ಚಿಕ್ಕತ್ತೆಯೂ ಬಂದಿದ್ದರು. ನಾನು ಸೊಪ್ಪು ಕೊಯ್ಯುವಷ್ಟರಲ್ಲಿ ಅತ್ತೆ ಅವರಿಗೆ ಟಿಕೆಟ್ಟಿನ ಕಥೆಯನ್ನೆಲ್ಲ ಹೇಳಿದ್ದರು. ಸೊಂಟಕ್ಕೆ ಕೈ ಕೊಟ್ಟುಕೊಂಡು ಒಳಗೆ ಬಂದು, ತಟ್ಟೆ ತಟ್ಟೆಗೂ ಬಗ್ಗಿ ನೋಡಿದರು, ಕೊನೆಗೆ ಮೂಲೆಯಲ್ಲಿದ್ದ ರೇಡಿಯೋವನ್ನೂ ನೋಡಿದರು.

"ಸೊಪ್ಪಿಗೆ ಏನ್ ಕೊಡ್ಬೇಕು ಏಳವ್ವ," ಎಂದರು ಅತ್ತೆ.

"ದುಡ್ ಬ್ಯಾಡ. ಟಿಕೀಟು ನಾಕ್ ಐತೆ ಅಂದ್ಯಲ್ಲಕ್ಕ. ಆವಯ್ಯನ ಹಾಡಿಗೆ ನಾನೂ ಬತ್ತೀನಿ."

ಇದೂ ಒಂದು ಶುಲ್ಕವೇ. ಆದರೆ ಮುಖ ನೋಡಿ ಕೇಳಿದ ಶುಲ್ಕ. ಅತ್ತೆ ಊಂ ಎಂದರು. ಒಪ್ಪಿಗೆ ಆಯಿತು.

ಆದರೂ ನನ್ನ ಹೆದರಿಕೆ ಇಳಿಯಲಿಲ್ಲ. ಉಪವಾಸ ಬಿದ್ದ ಹುಳ ಹಣ್ಣಾಗಿ ಗೂಡು ಕಟ್ಟಲು ತಯಾರಾಗುವವರೆಗೆ ನಂಬುವಂತಿಲ್ಲ. ದಿನವೂ ಬೆಳಿಗ್ಗೆ ಬಾಗಿಲು ತೆರೆಯುವ ಮುಂಚೆ ಚಿಲಕದ ಮೇಲೆ ಕೈ ಇಟ್ಟು ನಿಲ್ಲುತ್ತಿದ್ದೆ. ಒಂದಿಷ್ಟು ಹುಳ ಮೆತ್ತಗಾಗಿ ಸತ್ತವು, ಆರಿಸಿ ಹೂತೆವು. ಮಿಕ್ಕವು ಹಣ್ಣಾಗಿ ಚಂದ್ರಿಕೆ ಹತ್ತಿದವು. ಗಂಡ ಊರಿಗೆ ಬಂದಾಗ ವಿಷಯ ಅತ್ತೆಯ ಬಾಯಿಂದಲೇ ತಿಳಿಯಿತು. ಆಡಿಕೊಂಡು ನಗುತ್ತಾರೆ ಎಂದು ಕಾದೆ. ನಗಲಿಲ್ಲ. ನನಗೆ ಅದಕ್ಕೇ ಹೆಚ್ಚು ನಾಚಿಕೆಯಾಯಿತು. ಅವರು ಗೂಡು ಕಾಯಲು ಮನೆಯಲ್ಲಿ ಉಳಿದರು, ನಾವು ಮೂವರು ಹೆಂಗಸರು ರಾಮನಗರದಲ್ಲಿ ರೈಲು ಹತ್ತಿದೆವು.

ಕಛೇರಿ ಒಂದು ದೊಡ್ಡ ಮೈದಾನದಲ್ಲಿ. ಅಷ್ಟು ಜನರನ್ನು ಒಂದೇ ಕಡೆ ನಾನು ನೋಡಿರಲಿಲ್ಲ. ಕಬ್ಬಿಣದ ಕಟಕಟೆಗಳ ನಡುವೆ ಸಾಲು ಬಿಗಿಯುತ್ತಾ ಹೋಯಿತು, ಹಿಂದಿನಿಂದ ತಳ್ಳುತ್ತಿದ್ದರು. ಟಿಕೆಟ್ ಸುಳ್ಳಾಗಿದ್ದರೆ ಈ ಇಬ್ಬರು ಮುದುಕಿಯರನ್ನು ಈ ಜನದೊಳಗಿಂದ ಹಿಂದಕ್ಕೆ ಹೇಗೆ ಎಳೆಯಲಿ ಎಂದು ಹೆದರಿದೆ. ಬಾಗಿಲಲ್ಲಿ ನಿಂತವನು ನನ್ನ ಮೊಬೈಲು ನೋಡಿ ತಲೆಯಾಡಿಸಿದ.

"ಟಿಕೆಟ್ ಸರಿ ಇದೆ ಮೇಡಂ. ಆದ್ರೆ ಬೇರೆಯವರ ಹೆಸರಲ್ಲಿದೆ. ಅಲ್ಲಿ ಕೌಂಟರ್‌ನಲ್ಲಿ ಹೆಸರು ಬದಲಾಯಿಸಿ ಕೈಪಟ್ಟಿ ತಗೊಳ್ಳಿ."

ಕೌಂಟರಿನಲ್ಲಿ ಒಂದು ಹಾಳೆ ಅಂಟಿಸಿತ್ತು. ಹೆಸರು ಬದಲಾವಣೆಗೆ ಒಂದೊಂದು ಟಿಕೆಟ್ಟಿಗೂ ಶುಲ್ಕ. ನಾನು ಆ ಹಾಳೆಯನ್ನು ಓದಿ, ಮತ್ತೆ ಓದಿ, ಪರ್ಸು ತೆಗೆದೆ. ವಾಪಸ್ ಹೋಗುವ ರೈಲಿನ ದುಡ್ಡು ತೆಗೆದಿಟ್ಟರೆ ಇಬ್ಬರಿಗೆ ಸಾಲುತ್ತಿತ್ತು. ಮೂರನೆಯವರಿಗೆ ಸಾಲುತ್ತಿರಲಿಲ್ಲ. ಗಂಡನಿಗೆ ಫೋನ್ ಮಾಡೋಣವೆಂದರೆ ಆ ಜನಜಂಗುಳಿಯಲ್ಲಿ ಕರೆ ಹೋಗಲೇ ಇಲ್ಲ.

"ನೀವಿಬ್ರೂ ಓಗಿ ಅತ್ತೆಮ್ಮ. ನಾನು ಈ ಮರದ ಕೆಳಗೇ ಇರ್ತೀನಿ."

"ನೀ ಬರ್ದಿದ್ರೆ ನಂಗೂ ಬ್ಯಾಡ, ನಡಿ ಮನೆಗೆ," ಎಂದರು ಅತ್ತೆ.

ನನಗೆ ಅಳು ಬಂತು, ಅದರ ಜೊತೆಗೆ ಸಿಟ್ಟೂ ಬಂತು. "ಹುಳ ಉಪವಾಸ ಕೆಡವಿ ತಂದ ಟಿಕೆಟ್ ಇದು. ಓಗಿ ಒಳಕ್ಕೆ," ಎಂದು ಅತ್ತೆಯ ಮೇಲೆ ಮೊದಲ ಸಲ ಗದರಿದೆ. ಇಬ್ಬರ ಶುಲ್ಕ ಕಟ್ಟಿ ಅವರ ಕೈಗೆ ಪಟ್ಟಿ ಹಾಕಿಸಿದೆ. ಚಿಕ್ಕತ್ತೆ ಅತ್ತೆಯ ಕೈ ಹಿಡಿದು ಎಳೆದುಕೊಂಡು ಹೋದರು.

ಅವರು ಕಣ್ಮರೆಯಾದ ಮೇಲೆ ನನಗೆ ಹೊಳೆಯಿತು. ಇಬ್ಬರ ಹತ್ತಿರವೂ ಫೋನಿಲ್ಲ. ಸೀಟು ಎಲ್ಲಿ ಎಂದು ಅವರಿಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನೀರಿನ ಬಾಟಲಿ, ರವೆ ಉಂಡೆ ಇದ್ದ ಚೀಲವನ್ನು ಬಾಗಿಲಿನವರು ಇಳಿಸಿಕೊಂಡಿದ್ದರು. ಜನ ನುಗ್ಗುತ್ತಲೇ ಇದ್ದರು. ಒಳಗೆ ಚಪ್ಪಾಳೆ ಎದ್ದಾಗಲೆಲ್ಲ ಏನೋ ಬಿದ್ದಿತು, ಯಾರೋ ಕೂಗಿದರು ಎಂದು ನಾನು ಎದ್ದು ನಿಲ್ಲುತ್ತಿದ್ದೆ. ಹಾಡು ನನಗೆ ಕೇಳಲೇ ಇಲ್ಲ. ರಸ್ತೆಯ ಹಾರನ್ನುಗಳ ನಡುವೆ ಯಾವಾಗಲೋ ಒಮ್ಮೆ ತಬಲಾದ ಸದ್ದು ಬಂತು. ಕೆಂಗಲ್ ಹನುಮಂತನಿಗೆ ಹರಕೆ ಹೊತ್ತೆ. ಆ ಮರದ ಕೆಳಗೆ ನಿಂತಷ್ಟು ಹೊತ್ತು ನಾನು ಪಟ್ಟ ಭಯವನ್ನು ಯಾವ ಪಟ್ಟಿಯಲ್ಲೂ ಯಾರೂ ಬರೆದಿರಲಿಲ್ಲ.

ಮುಗಿದ ಮೇಲೆ ಜನ ಹೊರಗೆ ಸುರಿಯಿತು. ಅವರು ಬರಲಿಲ್ಲ. ಜನ ತೆಳುವಾಯಿತು, ಆಗಲೂ ಬರಲಿಲ್ಲ. ನಾನು ಬಾಗಿಲಿನವನ ಹತ್ತಿರ ಓಡಿ ಜಗಳಕ್ಕೆ ನಿಂತಿದ್ದೆ, ಅಷ್ಟರಲ್ಲಿ ಅವನ ಹಿಂದಿನಿಂದ ಒಬ್ಬರ ತೋಳು ಒಬ್ಬರು ಹಿಡಿದುಕೊಂಡು ಇಬ್ಬರೂ ನಿಧಾನಕ್ಕೆ ನಡೆದು ಬಂದರು. ಏನೋ ವಾದ ಮಾಡುತ್ತಿದ್ದರು. ಯಾವುದೋ ಹಾಡನ್ನು ಮೊದಲು ಕೇಳಿದ್ದು ಯಾವ ಬೆಳೆಯ ಹುಳ ಮೇಯುವಾಗ ಎಂದು.

"ಎಂಗಿತ್ತು ಅತ್ತೆಮ್ಮ?"

"ಏನವ್ವ, ಆವಯ್ಯ ಎಲ್ಲೋ ದೂರ್ದಲ್ಲಿ ಬೆರಳ್ಗಾತ್ರ ಕಾಣ್ತಿದ್ದ. ದೊಡ್ಡ ಟೀವಿಲಿ ತೋರ್ಸಿದ್ರು. ಟೀವಿ ನೋಡಕೆ ಇಲ್ಲಿಗಂಟ ಬರ್ಬೇಕಿತ್ತಾ?" ಎಂದರು ಅತ್ತೆ. ಸ್ವಲ್ಪ ದೂರ ನಡೆದ ಮೇಲೆ ದನಿ ತಗ್ಗಿಸಿದರು. "ಆದ್ರೂ ನಡುವೆ ಒಂದ್ ಸತಿ ಕೆಮ್ಮುದ ಕಣವ್ವ. ರೇಡಿಯೋದಾಗೆ ಕೆಮ್ಮಕಿಲ್ಲ."

ಗೂಡು ಬಿಡಿಸಿ ಮಾರುಕಟ್ಟೆಗೆ ಒಯ್ಯುವ ದಿನ ಅತ್ತೆ ತಾವೂ ಬರುತ್ತೇನೆ ಎಂದರು. ಯಾವತ್ತೂ ಬಂದವರಲ್ಲ. ನಾನು ಯಾಕೆ ಎಂದು ಕೇಳುವಷ್ಟರಲ್ಲಿ ಮಕ್ಕರಿ ಹಿಡಿದುಕೊಂಡು ಆಟೋ ಹತ್ತಿದರು.

ಟ್ರೇಗೆ ಸುರಿದು ನಿಂತೆವು. ಗೂಡು ನೋಡಲು ಚೆನ್ನಾಗಿತ್ತು, ಹಿಡಿದರೆ ಸ್ವಲ್ಪ ಹಗುರ. ರೀಲರುಗಳಿಗೆ ಗೊತ್ತಾಗದೆ ಇರುತ್ತದೆಯೇ? ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ ಮುಂದಕ್ಕೆ ಹೋದರು. ಹರಾಜು ನಿಂತ ಬೆಲೆ ನೋಡಿದೆ. ಪಕ್ಕದ ಟ್ರೇಯ ಲಾಟಿಗಿಂತ ಎಷ್ಟೋ ಕಡಿಮೆ. ಸಿಬ್ಬಂದಿ ಬಂದು ಎಂದಿನಂತೆ ಕೇಳಿದರು, ಒಪ್ಪಿಗೇನಾಮ್ಮ?

ಅವರ ಕೈಯಲ್ಲಿದ್ದ ಮೊಬೈಲಿನಲ್ಲಿ ಎಲ್ಲೋ ಆ ಕೆಂಪು ಗಡಿಯಾರ ಓಡುತ್ತಿದೆ ಎನಿಸಿತು. ಬೇಡ ಎಂದರೆ ಇದೂ ಹೋಗುತ್ತದೆ, ಏನೋ ಒಂದು ಕಳೆಯುತ್ತದೆ, ಸಣ್ಣ ಅಕ್ಷರದಲ್ಲಿ ಏನೋ ಇರುತ್ತದೆ ಎಂಬ ಭಯ. ಒಪ್ಪಿಗೆ ಎಂದುಬಿಡೋಣ, ಮುಗಿದುಹೋಗಲಿ ಎಂದು ಬಾಯಿ ತೆರೆದೆ. ಆ ಮಾರುಕಟ್ಟೆಯಲ್ಲಿ ನಾನು ಹಾಗೆ ಹೆದರಿ ನಿಂತದ್ದು ಅದೇ ಮೊದಲು.

ಅತ್ತೆ ನನ್ನ ಕೈ ಹಿಡಿದುಕೊಂಡರು.

"ಇಲ್ಲಿ ಕೇಳ್ತಾವ್ರೆ ಕಣವ್ವ," ಎಂದರು. "ಕೇಳ್ದಾಗ ಬ್ಯಾಡ ಅನ್ಬೋದು. ಅನ್ನು."

"ಬೇಡ," ಎಂದೆ. ದನಿ ಎಷ್ಟು ಸಣ್ಣಗಿತ್ತೆಂದರೆ ಸಿಬ್ಬಂದಿ ಇನ್ನೊಮ್ಮೆ ಕೇಳಬೇಕಾಯಿತು. ಇನ್ನೊಮ್ಮೆ ಹೇಳಿದೆ. ಅವರು ಬರೆದುಕೊಂಡು ಮುಂದಿನ ಲಾಟಿಗೆ ಹೋದರು. ಎರಡನೇ ಸುತ್ತು ಶುರುವಾಗುವವರೆಗೂ ಅತ್ತೆ ನನ್ನ ಕೈ ಬಿಡಲಿಲ್ಲ.